ತೊಟ್ಟಿಲ ಚಾಕು

ನಮ್ಮಕ್ಕ ಯಾರ ಮನೆಗೆ ಹೋದರೂ ಮೊದಲು ಯೋಗಕ್ಷೇಮ ವಿಚಾರಿಸುವುದು ಮನುಷ್ಯರದಲ್ಲ, ಚಾಕುವಿನದು! ಚಪ್ಪಲಿ ಬಿಟ್ಟವಳೇ ಸೀದಾ ಅಡುಗೆಮನೆಗೆ ನುಗ್ಗುತ್ತಾಳೆ. ಚಾಕು ಒದ್ದೆಯಾಗಿದೆಯೋ ಒಣಗಿದೆಯೋ, ಮೈಮೇಲೆ ಕಂದು ಚುಕ್ಕೆ ಎದ್ದಿದೆಯೋ ಅಂತ ತಿರುವಿ ಮುರುವಿ ನೋಡಿ, ಆಮೇಲೆ ಮನೆಯವರ ಕಡೆ ತಿರುಗುತ್ತಾಳೆ. ನಾನು ಹರ್ನಿಯಾ ಆಪರೇಷನ್ ಆಗಿ ಮಲಗಿದ್ದಾಗಲೂ ಅಷ್ಟೇ. ಸಿಂಕಿನಲ್ಲಿ ನೆನೆಯುತ್ತಿದ್ದ ಚಾಕು ಎತ್ತಿ, ಒರೆಸಿ, ನನ್ನ ಹೆಂಡತಿಗೆ ಬೈದು, ಎಲ್ಲಾ ಮುಗಿದ ಮೇಲೆ ಬಂದು, "ನೀನ್ ಹೆಂಗಿದೀಯ್ಲಾ?" ಅಂದಳು.

ಅಕ್ಕ ಇರುವುದು ಗುಬ್ಬಿಯಲ್ಲಿ, ನಾನು ತುಮಕೂರಿನ ಉಪ್ಪಾರಹಳ್ಳಿಯಲ್ಲಿ. ಅವಳ ಹತ್ತಿರ ನಮ್ಮವ್ವನದೊಂದು ಚಾಕು ಇದೆ. ಈಗಿನವರು ಕಾರ್ಬನ್ ಸ್ಟೀಲ್ ಅನ್ನುತ್ತಾರೆ, ನಮಗೆ ಅದು ಕಬ್ಬಿಣವೇ. ನಮ್ಮ ಕಡೆ ಕೂಸು ಹುಟ್ಟಿದರೆ ತೊಟ್ಟಿಲ ಕೆಳಗೆ ಕಬ್ಬಿಣ ಇಡುತ್ತಾರೆ, ಕೂಸು ನಿದ್ದೆಯಲ್ಲಿ ಬೆಚ್ಚಿಬೀಳದಿರಲಿ ಅಂತ. ಅಕ್ಕನ ತೊಟ್ಟಿಲ ಕೆಳಗೂ, ನನ್ನ ತೊಟ್ಟಿಲ ಕೆಳಗೂ, ಆಮೇಲೆ ನನ್ನ ಒಬ್ಬಳೇ ಮಗಳ ತೊಟ್ಟಿಲ ಕೆಳಗೂ ಇದ್ದದ್ದು ಇದೇ ಚಾಕು. ಮಗಳು ಮದುವೆಯಾಗಿ ಕುಣಿಗಲ್ಲಿಗೆ ಹೋದ ದಿನವೇ ಅಕ್ಕ ಹೇಳಿಬಿಟ್ಟಳು.

"ಅವ್ಳ ಕೂಸಿಗೂ ಇದೇ ಆಗ್ಬೇಕು ಕಣ್ಲಾ. ರೆಡಿಯಾಗಿ ಇರ್ಬೇಕು. ಕೂಸು ಬಂದ್ ಮ್ಯಾಲೆ ನಾನು ತುಕ್ಕು ಕೆರ್ಕಂಡ್ ಕೂತ್ಕಳಕ್ಕಾಯ್ತದಾ?"

ಕಾಯುವುದು ಶುರುವಾಯಿತು. ವರ್ಷ ವರ್ಷಗಳೇ ಉರುಳಿದವು. ಕೂಸು ಬರಲಿಲ್ಲ. ತುಕ್ಕು ಮಾತ್ರ ಯಾರೂ ಕರೆಯದೆಯೇ ಬರುತ್ತಿತ್ತು!

ಆ ಚಾಕುವಿಗೆ ನಡೆದ ಸೇವೆ ನನಗೆ ನಮ್ಮವ್ವನೂ ಮಾಡಿಲ್ಲ ಬಿಡಿ. ಚುಕ್ಕೆ ಕಂಡರೆ ಹುಣಸೆಹಣ್ಣಿಗೆ ಉಪ್ಪು ಬೆರೆಸಿ ತಿಕ್ಕಬೇಕು. ಹೋಗದಿದ್ದರೆ ಜರಡಿ ಹಿಡಿದ ಒಲೆಬೂದಿ. ತೊಳೆದ ಕೈಯಲ್ಲೇ ಒರೆಸಬೇಕು, ಒಲೆ ಪಕ್ಕ ಹಿಡಿದು ಬೆಚ್ಚಗೆ ಮಾಡಬೇಕು, ಕೊಬ್ಬರಿ ಎಣ್ಣೆ ತೆಳ್ಳಗೆ ಸವರಬೇಕು, ಹಳೇ ಪಂಚೆಯ ಚೂರಿನಲ್ಲಿ ಸುತ್ತಬೇಕು. ಒಂದು ಸಲ ನಾನು ಪ್ಲಾಸ್ಟಿಕ್ ಕವರಿಗೆ ಹಾಕಿಟ್ಟೆ. "ತೆಗ್ಯೋ ಅದನ್ನ! ಒಳಗೇ ಬೆವ್ರುತದೆ ಪಾಪ" ಅಂದಳು. ಬಿಸಿಲಲ್ಲಿ ಗುಬ್ಬಿಗೆ ಬಸ್ಸಿನಲ್ಲಿ ನಿಂತುಕೊಂಡು ಹೋಗಿದ್ದ ನನ್ನ ಬೆವರು ಅವಳ ಕಣ್ಣಿಗೆ ಬಿದ್ದಿರಲಿಲ್ಲ!

ನಾನೂ ಸುಮ್ಮನಿರುವ ಆಸಾಮಿಯಲ್ಲ. ಓದಿದ್ದು ಕಮ್ಮಿಯಾದರೂ ತುಮಕೂರಿನ ಪಕ್ಕದ ಸತ್ಯಮಂಗಲದ ಫ್ಯಾಕ್ಟರಿಯಲ್ಲಿ ಜೀವನವೆಲ್ಲಾ ಕಬ್ಬಿಣದ ಜೊತೆಗೇ ಕಳೆದವನು. "ಕೊಡಕ್ಕ, ಗ್ರೈಂಡಿಂಗ್ ಮಿಷಿನ್ನಿಗೆ ಕೊಟ್ರೆ ಒಂದೇ ನಿಮಿಷಕ್ಕೆ ಫಳಫಳ ಅನ್ನುಸ್ತೀನಿ" ಅಂದೆ.

ಅಕ್ಕ ಚಾಕುವನ್ನು ಸೆರಗಿನೊಳಗೆ ಮುಚ್ಚಿಕೊಂಡಳು. "ಮುಖಕ್ಕೆ ಪೌಡರ್ ಹಾಕು ಅಂದ್ರೆ ಚರ್ಮ ಸುಲೀತೀನಿ ಅಂತೀಯಲ್ಲೋ!"

ನೆಂಟರ ಮದುವೆಯೊಂದರಲ್ಲಿ ತರಕಾರಿ ಹೆಚ್ಚುವವರ ಚಾಕುಗಳನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಗುಡ್ಡೆ ಹಾಕಿಕೊಂಡು, ಅಡುಗೆ ಭಟ್ಟರು ನೆನೆಹಾಕಿದ್ದ ಹುಣಸೆಹಣ್ಣಿನಲ್ಲಿ ತಿಕ್ಕಲು ಕೂತಳು. ಚಾಕುಗಳೇನೋ ಕನ್ನಡಿಯಾದವು. ಸಾರು ಮಾತ್ರ ಹುಳಿಯೇ ಇಲ್ಲದೆ ಪಂಕ್ತಿಗೆ ಬಂತು. ಗಂಡಿನ ಕಡೆಯವರು ಅದನ್ನು ಪಾಯಸ ಅಂದುಕೊಂಡು ಇನ್ನೂ ಚೂರು ಹಾಕಿಸಿಕೊಂಡರು!

ಹೊಸ ಚಾಕು ಕೊಡಿಸೋಣ ಅಂತ ಒಂದು ದಿನ ಅಕ್ಕನನ್ನು ತುಮಕೂರಿನ ಶಿರಾ ಗೇಟ್ ಹತ್ತಿರದ ಪಾತ್ರೆ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯ ಹುಡುಗಿ ಸ್ಟೇನ್‌ಲೆಸ್ ಚಾಕು ತೋರಿಸಿ, "ತಗೊಳ್ಳಿ ಅಜ್ಜಿ, ಇದಕ್ಕೆ ಜನ್ಮದಲ್ಲಿ ತುಕ್ಕು ಹಿಡಿಯಲ್ಲ" ಅಂದಳು.

"ತುಕ್ಕೇ ಹಿಡೀದಿದ್ರೆ ಅದನ್ನ ದಿನಾ ಎತ್ತಿ ನೋಡೋರ್ ಯಾರವ್ವ?" ಅಂದಳು ಅಕ್ಕ.

ನಾನು ನಕ್ಕೆ. ಹುಡುಗಿ ನಗಲಿಲ್ಲ, ಚಾಕುವನ್ನು ಮೆಲ್ಲಗೆ ಡಬ್ಬಕ್ಕೆ ಹಾಕಿಕೊಂಡಳು.

ಮಗಳು ಎರಡು ಸಲ ಬಸುರಾದಳು, ಎರಡು ಸಲವೂ ನಿಲ್ಲದೆ ಹೋಯಿತು. ಎರಡನೇ ಸಲ ಅವಳು ಗುಬ್ಬಿಗೆ ಹೋಗಿ ಸೋದರತ್ತೆಯ ಮಡಿಲಲ್ಲಿ ತಲೆ ಇಟ್ಟು ಮಲಗಿದಳು. ಬಂದ ನೆಂಟರೆಲ್ಲ ಏನೇನೋ ಸಮಾಧಾನ ಹೇಳಿದರು. ಮಗಳಿಗೆ ನಿದ್ದೆ ಹತ್ತಿದ ಮೇಲೆ ಅಕ್ಕ ಎದ್ದು ಹೋಗಿ, ಹಿತ್ತಿಲ ಕಲ್ಲಿನ ಮೇಲೆ ಕೂತು, ಒಂದು ಚುಕ್ಕೆಯೂ ಇಲ್ಲದ ಚಾಕುವನ್ನು ಉಜ್ಜಿದಳು, ಉಜ್ಜಿದಳು, ಉಜ್ಜುತ್ತಲೇ ಇದ್ದಳು. "ಸಾಕು ಬುಡಕ್ಕ, ಸವೆದೋಯ್ತದೆ" ಅಂದೆ. "ನೀನ್ ಒಳಗೋಗ್ಲಾ" ಅಂದಳು. ಮುಖ ತಿರುಗಿಸಲಿಲ್ಲ.

ಈಗ ಹೇಳಲೇ? ತಡೆದುಕೊಳ್ಳಲು ಆಗುತ್ತಿಲ್ಲ, ಹೇಳಿಯೇಬಿಡುತ್ತೇನೆ. ನಾನು ತಾತ ಆದೆ! ಹೆಣ್ಣು ಕೂಸು! ಮೂಗು ನನ್ನದೇ ಅಂತ ನಾನು ಹೇಳುತ್ತೇನೆ, ಪುಣ್ಯಕ್ಕೆ ಅಲ್ಲ ಅಂತ ನನ್ನ ಹೆಂಡತಿ ಹೇಳುತ್ತಾಳೆ.

ಸುದ್ದಿ ಕೇಳಿದ ಅಕ್ಕ ಸಿಕ್ಕ ಬಸ್ಸು ಹತ್ತಿ ತುಮಕೂರಿನ ಆಸ್ಪತ್ರೆಗೇ ಬಂದಳು. ಬಾಗಿಲಲ್ಲಿ ಸೆಕ್ಯುರಿಟಿಯವನು ಚೀಲ ಬಿಚ್ಚಿಸಿ ಹೌಹಾರಿದ.

"ಏನಜ್ಜಿ ಇದು! ಹೆರಿಗೆ ವಾರ್ಡಿಗೆ ಚಾಕು ತಗೊಂಡ್ ಹೋಗ್ತಾರಾ?"

"ಯಾಕೆ, ನಿಮ್ ಡಾಕ್ಟ್ರು ತಗೊಂಡ್ ಹೋಗ್ಲಿಲ್ವಾ?"

ಅವನು ಬಿಡಲಿಲ್ಲ, ಇವಳು ಕೊಡಲಿಲ್ಲ. ಕೊನೆಗೆ ಬಾಣಂತಿ ಮನೆಗೆ ಬರುವ ತನಕ ಅಕ್ಕ ಉಪ್ಪಾರಹಳ್ಳಿಯಲ್ಲೇ ಕಾದಳು. ತೊಟ್ಟಿಲು ಕಟ್ಟಿಸಿ, ಅದರ ಕೆಳಗೆ ಚಾಕು ಇಟ್ಟು, "ಯಾವಳಾದ್ರೂ ಒದ್ದೆ ಕೈಲಿ ಮುಟ್ಟಿದ್ರೆ ನೋಡಿ ಮತ್ತೆ!" ಅಂತ ಗದರಿ, ತೆಂಗಿನಕಾಯಿ ಕೀಳಿಸಲು ಗುಬ್ಬಿಗೆ ಹೋದಳು.

ಯಾವಳೂ ಮುಟ್ಟಲಿಲ್ಲ. ಆದರೆ ತೊಟ್ಟಿಲೊಳಗಿನವಳಿಗೆ ಅಕ್ಕನ ಕಾನೂನು ಗೊತ್ತಿರಬೇಕಲ್ಲ! ಮಹಾರಾಣಿ ಉಚ್ಚೆ ಹೊಯ್ದಿದ್ದಾಳೆ, ಅದು ಬಟ್ಟೆ ದಾಟಿ ತೊಟ್ಟಿಕ್ಕಿದೆ, ಕೂಸಿನ ಮುಖ ನೋಡುವ ಸಂಭ್ರಮದಲ್ಲಿ ನಮಗ್ಯಾರಿಗೂ ಕೆಳಗೆ ಬಗ್ಗಿ ನೋಡುವ ಪುರುಸೊತ್ತಿಲ್ಲ. ಅಕ್ಕ ವಾಪಸು ಬರುವ ದಿನ ಬೆಳಿಗ್ಗೆ ಬಗ್ಗಿದೆ. ಅಲಗಿನ ಮೇಲೆ ಅಂಗೈಯಗಲ ತುಕ್ಕು!

"ಬಸ್ಸು ಇಳಿದಿರ್ತಾರೆ ಕಣ್ರೀ, ಬೇಗ ಬೇಗ ಉಜ್ಜಿ" ಅಂತ ಹೆಂಡತಿ ಹುಣಸೆಹಣ್ಣು ತಂದಳು. ನಾನು ನೆಲದ ಮೇಲೆ ಕೂತು ಉಸಿರುಗಟ್ಟಿ ತಿಕ್ಕತೊಡಗಿದೆ. ಅಷ್ಟರಲ್ಲಿ ಬಾಗಿಲಲ್ಲಿ ಅಕ್ಕ!

"ಏನ್ಲಾ ಮಾಡ್ತಿದೀಯ?"

"ನನ್ದೇನೂ ತಪ್ಪಿಲ್ಲಕ್ಕ. ನಿನ್ ಮೊಮ್ಮಗಳೇ ಉಚ್ಚೆ ಹುಯ್ದವ್ಳೆ..."

ಅಕ್ಕ ಚಾಕುವನ್ನು ನನ್ನ ಕೈಯಿಂದ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಮಗಳು ಹಾಸಿಗೆಯಲ್ಲಿ ಎದ್ದು ಕೂತಳು. ಅಕ್ಕ ಹೆಬ್ಬೆರಳಿನಿಂದ ಆ ಕಂದು ಕಲೆಯನ್ನು ಒಮ್ಮೆ ಸವರಿದಳು, ಎಳೆಗೂಸಿನ ನೆತ್ತಿ ಸವರಿದ ಹಾಗೆ.

"ಉಜ್ಜಬ್ಯಾಡ ಬುಡ್ಲಾ" ಅಂದಳು. "ಇವತ್ತೊಂದಿನ ಇರ್ಲಿ. ಕಣ್ತುಂಬ ನೋಡ್ತೀನಿ."

ಬಗ್ಗಿ ಚಾಕುವನ್ನು ಇದ್ದ ಜಾಗದಲ್ಲೇ ಇಟ್ಟಳು. ಮೇಲೆ ಕೂಸು ಮಿಸುಕಾಡಿತು. ಟಪ್ ಎಂದು ಇನ್ನೊಂದು ಹನಿ ಬಿತ್ತು. ನಾನು ಬಟ್ಟೆ ಹುಡುಕಿದೆ. ಅಕ್ಕನ ಕೈ ಚಾಕುವಿನ ಕಡೆ ಹೋಗಲೇ ಇಲ್ಲ, ತೊಟ್ಟಿಲ ಹಗ್ಗದ ಕಡೆ ಹೋಯಿತು.