ಕುಂಟೆ ಬೀದಿಯನ್ನು ನಾನು ಉದ್ಧರಿಸಿದ್ದು

ತಾರೀಖುಗಳ ವಿಷಯದಲ್ಲಿ ನಾನು ಯಾರನ್ನೂ ನಂಬುವವನಲ್ಲ. ಒಂದು ಶಾಸನದ ಕಾಲವನ್ನು ಒಪ್ಪಿಕೊಳ್ಳುವ ಮೊದಲು ಅದನ್ನು ಮೂರು ಆಕರಗಳಲ್ಲಿ ಪರಿಶೀಲಿಸುವುದು ನನ್ನ ನಿಯಮ. ಈ ನಿಯಮದ ಬಲದಿಂದ ಹಲವು ಅರಸರ ಪಟ್ಟಾಭಿಷೇಕವನ್ನು ಒಂದೆರಡು ವರ್ಷ ಹಿಂದಕ್ಕೋ ಮುಂದಕ್ಕೋ ಸರಿಸಿದ್ದೇನೆ. ಅವರಲ್ಲಿ ಯಾರೂ ಆಕ್ಷೇಪಿಸಿಲ್ಲ. ಇದೇ ನಿಯಮದ ಬಲದಿಂದ ಬಂಗಾರಪೇಟೆಯ ಒಂದು ಇಡೀ ಬೀದಿಯನ್ನು ಹಾಳುಮಾಡಿದ ಸಂಗತಿಯನ್ನು ಮಾತ್ರ ಇದುವರೆಗೆ ಎಲ್ಲಿಯೂ ಪ್ರಕಟಿಸಿರಲಿಲ್ಲ. ನಿವೃತ್ತನಾದವನಿಗೆ ಕಳೆದುಕೊಳ್ಳಲು ಬಡ್ತಿಯಿಲ್ಲ. ಆದ್ದರಿಂದ ಈಗ ದಾಖಲಿಸುತ್ತಿದ್ದೇನೆ.

ನಯಾಪೈಸೆ ಚಲಾವಣೆಗೆ ಬಂದು ಎರಡು ವರ್ಷವಾಗಿದ್ದರೂ ಸಂತೆಯಲ್ಲಿ ಎಲ್ಲರೂ ಇನ್ನೂ ಆಣೆಯಲ್ಲೇ ಮಾತಾಡುತ್ತಿದ್ದ ಕಾಲ. ಇಸವಿಯನ್ನು ಬೇಕೆಂದೇ ಬರೆದಿಲ್ಲ. ಆ ಇಸವಿಯ ಬಗ್ಗೆ ಅಧಿಕಾರವಾಣಿಯಿಂದ ಮಾತಾಡುವ ಯೋಗ್ಯತೆಯನ್ನು ನಾನು ಹೇಗೆ ಕಳೆದುಕೊಂಡೆನೆಂಬುದು ಮುಂದೆ ತಿಳಿಯುತ್ತದೆ.

ರೈಲ್ವೆ ಗೇಟಿನಾಚೆ, ಬೂದಿಕೋಟೆಯ ಕಡೆಗೆ ಹೋಗುವ ದಾರಿಯಲ್ಲಿ ಬಲಕ್ಕೆ ತಿರುಗಿದರೆ ನಮ್ಮ ಕುಂಟೆ ಬೀದಿ. ಅದು ಪುರಸಭೆಯ ಎಲ್ಲೆಯಿಂದ ಒಂದು ಕೂಗಳತೆ ಹೊರಗಿತ್ತು. ಹೀಗಾಗಿ ದೀಪವಿಲ್ಲ, ಚರಂಡಿಯಿಲ್ಲ, ರಸ್ತೆಯೆಂಬುದಂತೂ ಹಿರಿಯರ ಬಾಯಿಮಾತಿನಲ್ಲಿ ಮಾತ್ರ ಇತ್ತು. ಜಟಕಾ ಹೊಡೆಯುವ ಪ್ಯಾರೇಜಾನ್ ತಿರುವಿನಲ್ಲೇ ಕುದುರೆ ನಿಲ್ಲಿಸುತ್ತಿದ್ದ. "ಮೇಷ್ಟ್ರೇ, ನೀವ್ ಇಳೀರಿ. ನನ್ ಕುದ್ರೆಗೆ ಎಂಡ್ತಿ ಮಕ್ಳವ್ರೆ" ಎನ್ನುತ್ತಿದ್ದ. ನಾನು ಮೇಷ್ಟ್ರಾಗಿರಲಿಲ್ಲ. ಕನ್ನಡಕ ಹಾಕಿದವರೆಲ್ಲ ಆ ಬೀದಿಯಲ್ಲಿ ಮೇಷ್ಟ್ರೇ.

ನನ್ನ ಹೆಂಡತಿ ಜಾನಕಿಗೆ ಆಗ ಎಂಟು ತಿಂಗಳು. ಮೊದಲ ಹೆರಿಗೆ ತವರಿನಲ್ಲಿ ಆಗಿತ್ತು. ಎರಡನೆಯದು ಗಂಡನ ಮನೆಯ ಪಾಲು. ನಾನು ಕಚೇರಿಗೆ ರಜೆ ಹಾಕಿ ಮನೆಯಲ್ಲೇ ಇದ್ದೆ. ಹೆರಿಗೆ ಆಸ್ಪತ್ರೆ ಗೇಟಿನ ಆಚೆ, ಜಟಕಾ ತಿರುವಿನಲ್ಲಿ, ಮನೆಗೂ ತಿರುವಿಗೂ ನಡುವೆ ಕುಂಟೆ ಬೀದಿ.

"ನೋವು ಬಂದಾಗ ನಾನೇನು ಹಾರಿಕೊಂಡು ಹೋಗಲೇನ್ರೀ?" ಎಂದಳು ಜಾನಕಿ.

"ಅಷ್ಟರೊಳಗೆ ನಿನ್ನ ಬಾಗಿಲಿಗೆ ಜಟಕಾ ಬರುತ್ತದೆ" ಎಂದು ಮಾತು ಕೊಟ್ಟೆ. ಏಕೆಂದರೆ ಅಷ್ಟು ಹೊತ್ತಿಗೆ ನಾನು ಕುಂಟೆ ಬೀದಿ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿಯಾಗಿದ್ದೆ!

ಸಂಘದ ಅಧ್ಯಕ್ಷರು ಮುನಿವೆಂಕಟಪ್ಪನವರು. ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಮೇಸ್ತ್ರಿ. ಬೆಳಗ್ಗೆ ಕಾರ್ಮಿಕರ ರೈಲು ಹತ್ತಿ ಹೋಗಿ ಸಂಜೆ ಅದರಲ್ಲೇ ಮರಳುವವರು. ಬೀದಿಯ ಗಂಡಸರಲ್ಲಿ ಮುಕ್ಕಾಲು ಪಾಲು ಅವರ ಕೈಕೆಳಗಿನವರು. ನಾನು ಬರೆದ ಮನವಿಪತ್ರವನ್ನು ಅವರು ಕೈಯಲ್ಲಿ ಹಿಡಿದು ತೂಗಿ ನೋಡಿದರು.

"ಅನ್ನೊಂದ್ ಪುಟ ಐತಲ್ಲ ಸಾಮೀ. ರಸ್ತೆ ಇಚಾರ ಎಲ್ಲೈತೆ?"

"ಹತ್ತನೆಯ ಪುಟದಲ್ಲಿ. ಮೊದಲ ಒಂಬತ್ತು ಪುಟ ಹಿನ್ನೆಲೆ."

"ಅಯ್ಯೋ ದೇವುಡಾ! ಓದೋನು ಅಲ್ಲಿಗ್ ಬರೋ ಒತ್ಗೆ ಪಿಂಚಣಿ ತಕಂಡಿರ್ತಾನೆ."

ಆದರೂ ಮನವಿ ಹೋಯಿತು. ಒಂದಲ್ಲ, ಎರಡು ಕಡೆಗೆ. ತಾಲ್ಲೂಕು ಬೋರ್ಡಿಗೆ: ನಮ್ಮ ರಸ್ತೆ ಬಹಳ ಕೆಟ್ಟಿದೆ, ದುರಸ್ತಿ ಮಾಡಿಸಿ. ಪುರಸಭೆಗೆ: ನಮ್ಮ ಬೀದಿ ಬಹಳ ಚೆನ್ನಾಗಿದೆ, ಊರಿಗೆ ಸೇರಿಸಿಕೊಳ್ಳಿ. ಕೆಟ್ಟ ಬೀದಿಯನ್ನು ಪುರಸಭೆ ಸೇರಿಸಿಕೊಳ್ಳುವುದಿಲ್ಲ, ಚೆನ್ನಾಗಿರುವ ಬೀದಿಗೆ ಬೋರ್ಡು ಕಲ್ಲು ಹಾಕಿಸುವುದಿಲ್ಲ ಎಂದು ಬಲ್ಲವರು ಹೇಳಿದ್ದರು. ಯಾವುದಾದರೊಂದು ಫಲಿಸಲಿ ಎಂಬುದು ಸಂಘದ ದೂರದೃಷ್ಟಿ.

ಎರಡೂ ಫಲಿಸಿದವು! ಬೋರ್ಡಿನ ಓವರ್ಸಿಯರ್ ಬರುವ ಸೋಮವಾರ ಬಂದು ನೋಡುವುದಾಗಿ ಹೇಳಿ ಕಳಿಸಿದರು. ಪುರಸಭೆಯಿಂದ ಕಾಗದ ಬಂತು: ಸದಸ್ಯರ ತಂಡ ಹದಿನಾಲ್ಕನೆಯ ತಾರೀಖು ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಬರಲಿದೆ.

"ಒಳ್ಳೇದೇ ಆಯ್ತು ಬುಡಿ" ಎಂದರು ಮುನಿವೆಂಕಟಪ್ಪನವರು. "ಸ್ವಾಮಾರ ಎಂಗೈತೋ ಅಂಗೇ ತೋರ್ಸಾನ. ಅವ್ನು ಓದ್ಮೇಲೆ ಸಂಜಿಕೆ ಗುಂಡಿಗೆಲ್ಲ ಗರಸು ತುಂಬಿ ದಮ್ಮಸ್ ಮಾಡ್ಬುಡಾನ. ಮಂಗಳ್ವಾರ ಬೀದಿ ಮದುವಣಗಿತ್ತಿ ಅಂಗಿರ್ತದೆ."

ಯೋಜನೆ ನಿರ್ದುಷ್ಟವಾಗಿತ್ತು. ಅದನ್ನು ಹಾಗೆಯೇ ಬಿಟ್ಟಿದ್ದರೆ ಈ ಲೇಖನದ ಅಗತ್ಯ ಬೀಳುತ್ತಿರಲಿಲ್ಲ.

ನಾನು ತಾರೀಖನ್ನು ಪರಿಶೀಲಿಸಿದೆ.

ನಮ್ಮ ನಡುಮನೆಯ ಗೋಡೆಯಲ್ಲಿ ವೆಂಕಟರಮಣಸ್ವಾಮಿಯ ದೊಡ್ಡ ಪಟವಿದ್ದ ಕ್ಯಾಲೆಂಡರ್ ತೂಗುತ್ತಿತ್ತು. ಸ್ವಾಮಿಯ ಎರಡು ಪಕ್ಕದಲ್ಲೂ ಆರಾರು ತಿಂಗಳು. ಅದರ ಪ್ರಕಾರ ಹದಿನಾಲ್ಕನೆಯ ತಾರೀಖು ಸೋಮವಾರ! ಆತುರಪಡಲಿಲ್ಲ. ಪಕ್ಕದ ಮನೆಗೆ ಹೋಗಿ ಅಲ್ಲಿನ ಕ್ಯಾಲೆಂಡರ್ ನೋಡಿದೆ. ಸೋಮವಾರ. ಭಜನೆ ಮಂದಿರಕ್ಕೆ ಹೋಗಿ ನೋಡಿದೆ. ಸೋಮವಾರ. ಮೂರು ಆಕರಗಳು, ಒಂದೇ ಸಾಕ್ಷ್ಯ. ಪುರಸಭೆಯ ಗುಮಾಸ್ತರು ವಾರ ತಪ್ಪಾಗಿ ಬರೆದಿದ್ದಾರೆಂದು ಸಿದ್ಧವಾಯಿತು.

ಅಂದರೆ ಇಬ್ಬರೂ ಸೋಮವಾರವೇ ಬರುತ್ತಾರೆ! ಒಬ್ಬರಿಗೆ ಕೆಟ್ಟ ರಸ್ತೆ ಬೇಕು, ಇನ್ನೊಬ್ಬರಿಗೆ ಒಳ್ಳೆಯ ರಸ್ತೆ. ಈ ಮಹಾವಿಪತ್ತನ್ನು ನಾನೊಬ್ಬನೇ ಮುಂಚಿತವಾಗಿ ಕಂಡುಹಿಡಿದಿದ್ದೆ. ಕೂಡಲೇ ಓವರ್ಸಿಯರರಿಗೆ ವಿನಯಪೂರ್ವಕವಾಗಿ ಬರೆದೆ: ತಾವು ದಯವಿಟ್ಟು ಸೋಮವಾರದ ಬದಲು ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಆಗಮಿಸಬೇಕು. ಅವರು ಒಪ್ಪಿದರು.

ಸಂಘದ ತುರ್ತುಸಭೆಯಲ್ಲಿ ಯೋಜನೆಯನ್ನು ತಿರುವುಮುರುವು ಮಾಡಿದೆ. ಭಾನುವಾರ ಗುಂಡಿ ಮುಚ್ಚುವುದು. ಸೋಮವಾರ ಪುರಸಭೆಗೆ ತೋರಿಸುವುದು. ಸಂಜೆ ಮತ್ತೆ ಅಗೆಯುವುದು. ಮಂಗಳವಾರ ಓವರ್ಸಿಯರರಿಗೆ ತೋರಿಸುವುದು.

"ಮುಚ್ಚಿದ್ದುನ್ನ ಮತ್ತೆ ಅಗಿಯಾದಾ?" ಎಂದರು ಮುನಿವೆಂಕಟಪ್ಪನವರು.

"ಅನಿವಾರ್ಯ."

"ನಲ್ವತ್ ವರ್ಸ ಗಣೀಲಿದ್ದೀನಿ ಸಾಮೀ. ಚಿನ್ನ ಇಲ್ದಿದ್ ಕಡೆ ಅಗೀರಿ ಅಂತ ಯಾವ್ ದೊರೇನೂ ಏಳಿರ್ಲಿಲ್ಲ."

ಭಾನುವಾರ ನಾಲ್ಕು ಗಾಡಿ ಗರಸು ಬಂತು. ಬೀದಿಯ ಹೆಂಗಸರು ನೀರು ಹೊತ್ತರು, ಗಂಡಸರು ದಿಮ್ಮಿಯಿಂದ ಬಡಿದರು. ಸೋಮವಾರ ಬೆಳಗ್ಗೆ ತೋರಣ ಕಟ್ಟಿ, ನಿಂಬೆಹಣ್ಣು ಹಿಡಿದು ಸಾಲಾಗಿ ನಿಂತೆವು. ಮುನಿವೆಂಕಟಪ್ಪನವರು ಗಣಿಗೆ ರಜೆ ಹಾಕಿದ್ದರು. ಒಂಬತ್ತಾಯಿತು. ಹತ್ತಾಯಿತು. ಹನ್ನೊಂದಕ್ಕೆ ಒಂದು ಎಮ್ಮೆ ಬಂದು ತೋರಣದ ಮಾವಿನೆಲೆ ತಿಂದಿತು.

ಜಾನಕಿ ಬಾಗಿಲಿಗೆ ಬಂದಳು. "ರೀ, ಇವತ್ತು ಹದಿಮೂರು ಅಲ್ವಾ?"

"ಹದಿನಾಲ್ಕು."

"ಹಾಲಿನ ಗೀಟು ಎಣಿಸಿದೆ. ಹದಿಮೂರೇ ಇದೆ."

ಅಡುಗೆಮನೆ ಗೋಡೆಯ ಮೇಲೆ ಅವಳು ದಿನಕ್ಕೊಂದರಂತೆ ಇದ್ದಿಲಿನಲ್ಲಿ ಗೀಟು ಎಳೆದು ಹಾಲಿನ ಲೆಕ್ಕ ಇಡುತ್ತಿದ್ದಳು. "ನೋಡು ಜಾನಕಿ, ಮುದ್ರಿತ ಆಕರ ಬೇರೆ, ಇದ್ದಿಲಿನ ಗೀಟು ಬೇರೆ. ಒಂದು ದಿನ ಎಳೆಯಲು ಮರೆತಿರುತ್ತೀಯ" ಎಂದೆ.

"ಹಾಲು ಕುಡಿಯೋದನ್ನ ನೀವು ಮರೀತೀರ. ನಾನು ಗೀಟು ಮರೆಯೋಳಲ್ಲ" ಎಂದು ಒಳಗೆ ಹೋದಳು.

ಮಧ್ಯಾಹ್ನದವರೆಗೆ ಕಾದು, ಅಧಿಕಾರದಲ್ಲಿರುವವರ ಸಮಯಪ್ರಜ್ಞೆಯನ್ನು ಕುರಿತು ನಾನೊಂದು ಖಂಡನಾ ನಿರ್ಣಯ ಮಂಡಿಸಿದೆ. ಅದು ಸರ್ವಾನುಮತದಿಂದ ಅಂಗೀಕೃತವಾಯಿತು. ಪುರಸಭೆ ಕೈಕೊಟ್ಟಿತು, ಇನ್ನು ಬೋರ್ಡೇ ಗತಿ. ಸಂಜೆ ಕಾರ್ಮಿಕರ ರೈಲು ಬಂದೊಡನೆ ಅಗೆತ ಶುರುವಾಯಿತು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಮ್ಮ ಬೀದಿಯವರು ಭೂಮಿಯೊಳಗೆ ಸಾವಿರಾರು ಅಡಿ ಇಳಿದು ಬಂಡೆ ಒಡೆಯುತ್ತಿದ್ದವರು. ಅಂಥವರ ಕೈಗೆ ಹಾರೆ ಕೊಟ್ಟು "ಸ್ವಲ್ಪ ಕೆದಕಿ" ಎನ್ನುವುದು ಆನೆಗೆ ಹೂ ಕೀಳಲು ಹೇಳಿದಂತೆ. ಮೊದಲು ಪಾದ ಮುಳುಗುವಷ್ಟಿದ್ದ ಗುಂಡಿಗಳು ಈಗ ಮೊಣಕಾಲು ದಾಟಿದವು. ನಾನು ಅಳತೆಕೋಲು ಹಿಡಿದು ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು ನಕ್ಷೆ ಬರೆದುಕೊಂಡೆ. ಕತ್ತಲಾದ್ದರಿಂದ ಕೊನೆಯ ಮೂರು ಗುಂಡಿಗಳನ್ನು ಬೆಳಗ್ಗೆಗೆ ಬಿಟ್ಟೆವು.

ಮಂಗಳವಾರ ಬೆಳಗ್ಗೆ ಒಂಬತ್ತು. ಗಣಿಗೆ ಇನ್ನೂ ಒಂದು ದಿನ ರಜೆ ಹಾಕಿದ್ದ ಮುನಿವೆಂಕಟಪ್ಪನವರು ಸೊಂಟದವರೆಗೆ ಗುಂಡಿಯಲ್ಲಿದ್ದರು. ನಾನು ದಂಡೆಯಲ್ಲಿ ನಿಂತು "ಇನ್ನೂ ಸ್ವಲ್ಪ ಎಡಕ್ಕೆ ಅಗೆಯಿರಿ, ಇದು ನೋಡಲು ತೀರ ಸಣ್ಣದಾಗಿದೆ" ಎನ್ನುತ್ತಿದ್ದೆ.

"ಏನು ನಡೆಯುತ್ತಿದೆ ಇಲ್ಲಿ?"

ತಿರುಗಿ ನೋಡಿದೆ. ಪುರಸಭೆಯ ಐವರು ಸದಸ್ಯರು. ಮುಂದೆ ಜರಿಪೇಟದ ಹಿರಿಯರೊಬ್ಬರು. ಪಕ್ಕದಲ್ಲೇ ಸೈಕಲ್ ಹಿಡಿದ ಓವರ್ಸಿಯರ್!

"ತಾವು... ತಾವು ನಿನ್ನೆ ಬರಬೇಕಿತ್ತಲ್ಲ?" ಎಂದೆ.

"ಹದಿನಾಲ್ಕು, ಮಂಗಳವಾರ ಅಂತ ಬರೆದಿದ್ದೆವಲ್ಲ. ಇವತ್ತು ಹದಿನಾಲ್ಕು. ಮಂಗಳವಾರ."

ನಾನು ಸೋಲುವವನಲ್ಲ. ಅಷ್ಟೂ ಜನರನ್ನು ನಮ್ಮ ನಡುಮನೆಗೆ ಕರೆದೊಯ್ದು ಆಕರವನ್ನು ತೋರಿಸಿದೆ. ಸದಸ್ಯರು ಕ್ಯಾಲೆಂಡರನ್ನು ನೋಡಿದರು, ನನ್ನನ್ನು ನೋಡಿದರು. ಆಗ ಜಾನಕಿ ಒದ್ದೆ ಬಟ್ಟೆ ತಂದು ಸ್ವಾಮಿಯ ಪಾದದ ಬಳಿ ಗಟ್ಟಿಯಾಗಿ ಮೆತ್ತಿದ್ದ ಕುಂಕುಮವನ್ನು ಒರೆಸಿದಳು. ಪಾದದ ಕೆಳಗೆ ಇಸವಿ ಕಾಣಿಸಿಕೊಂಡಿತು.

ಹೋದ ವರ್ಷದ್ದು!

ವಿಷಯವಿಷ್ಟೆ. ಪೇಟೆಯ ಬೆಳ್ಳಿ ಅಂಗಡಿಯವರು ಪ್ರತಿ ವರ್ಷ ದೇವರ ಪಟದ ಕ್ಯಾಲೆಂಡರ್ ಹಂಚುತ್ತಿದ್ದರು. ಆ ವರ್ಷ ಅದೇನು ನವ್ಯ ಅಭಿರುಚಿ ಹುಟ್ಟಿತೋ, ಬುಟ್ಟಿಯಲ್ಲಿ ಕುಳಿತ ಎರಡು ವಿಲಾಯಿತಿ ನಾಯಿಮರಿಗಳನ್ನು ಅಚ್ಚುಹಾಕಿಸಿದ್ದರು. ವೆಂಕಟರಮಣನನ್ನು ಇಳಿಸಿ ನಾಯಿಮರಿ ತೂಗಿಸುವ ಧೈರ್ಯ ಕುಂಟೆ ಬೀದಿಯ ಯಾವ ಮನೆಗೂ ಇರಲಿಲ್ಲ. ಭಜನೆ ಮಂದಿರಕ್ಕಂತೂ ಇರಲೇ ಇಲ್ಲ. ನಾನು ಪರಿಶೀಲಿಸಿದ ಮೂರು ಸ್ವತಂತ್ರ ಆಕರಗಳು ಒಂದೇ ಅಂಗಡಿಯ ಒಂದೇ ಅಚ್ಚಿನ ಮೂರು ಪ್ರತಿಗಳು.

"ನಿಮಗೆ ಗೊತ್ತಿತ್ತೇ?" ಎಂದು ಜಾನಕಿಯನ್ನು ಹಿರಿಯರು ಕೇಳಿದರು.

"ಅದನ್ನ ಪೂಜೆಗಿಟ್ಟಿದ್ದು ಸ್ವಾಮಿ. ಅದರಲ್ಲಿ ತಾರೀಖು ನೋಡ್ತಾರೆ ಅಂತ ಯಾರಿಗೆ ಗೊತ್ತು?"

ಹೊರಗೆ ಓವರ್ಸಿಯರ್ ಗುಂಡಿಯ ಪಕ್ಕ ಕುಕ್ಕುರುಗಾಲಲ್ಲಿ ಕುಳಿತು ಅಂಚಿನ ಮಣ್ಣನ್ನು ಉಜ್ಜಿ ನೋಡುತ್ತಿದ್ದರು. "ನಂಗೆ ಗುಂಡಿ ನೋಡಿದ್ರೆ ವಯಸ್ಸು ಗೊತ್ತಾಗ್ತದೆ ಮೇಷ್ಟ್ರೇ. ಮಳೇಲಿ ಆದ ಗುಂಡಿಗೆ ಅಂಚು ದುಂಡುಗೆ ಇರ್ತದೆ. ಇದು ಹಾರೆ ಏಟು. ಇದು ನೆನ್ನೆ ಸಂಜೆದು, ಅದು ಇವತ್ ಬೆಳಿಗ್ಗೇದು. ಸರೀನಾ?"

ಒಂದೇ ಒಂದು ಆಕರವನ್ನೂ ನೋಡದೆ ಆತ ಕಾಲನಿರ್ಣಯ ಮಾಡಿದ್ದರು. ಅದೂ ಸರಿಯಾಗಿ! ನನ್ನ ವೃತ್ತಿಜೀವನದಲ್ಲಿ ಅಷ್ಟು ನಿಖರವಾದ ವಿದ್ವಾಂಸರನ್ನು ಮತ್ತೆ ಕಾಣಲಿಲ್ಲ.

ಎರಡು ವರದಿಗಳು ಬಂದವು. ನಿವಾಸಿಗಳೇ ರಸ್ತೆ ಅಗೆಯುವ ಬೀದಿಯನ್ನು ಸೇರಿಸಿಕೊಂಡರೆ ಅವರು ಊರನ್ನೂ ಅಗೆದಾರು ಎಂಬ ಅಭಿಪ್ರಾಯ ಪುರಸಭೆಯದು. ಅಗೆದವರೇ ಮುಚ್ಚಿಕೊಳ್ಳತಕ್ಕದ್ದು ಎಂದು ಬೋರ್ಡಿನದು. ಮುಚ್ಚೋಣವೆಂದರೆ, ಮರುದಿನವೇ ಹಿಡಿದ ಮಳೆಗೆ ಗರಸೆಲ್ಲ ಕೊಚ್ಚಿಕೊಂಡು, ಬೀದಿಗೆ ಹೆಸರು ಕೊಟ್ಟ ಕುಂಟೆಯ ಹೊಂಡ ಸೇರಿತು.

"ಬುಡಿ ಸಾಮೀ, ಮೀನಾದ್ರೂ ಸಾಕಾನ" ಎಂದರು ಮುನಿವೆಂಕಟಪ್ಪನವರು. ನಾನು ಕಾರ್ಯದರ್ಶಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟೆ. ಖಂಡನಾ ನಿರ್ಣಯಕ್ಕಿಂತ ವೇಗವಾಗಿ ಅದು ಅಂಗೀಕೃತವಾಯಿತು. ನಾನಿಲ್ಲದ ಸಂಘ ಮೂರು ವರ್ಷದ ಬಳಿಕ, ಒಂದೇ ಪುಟದ ಅರ್ಜಿಯಲ್ಲಿ, ಬೀದಿಯನ್ನು ಊರಿಗೆ ಸೇರಿಸಿತು.

ಆದರೆ ಜಾನಕಿಗೆ ಮೂರು ವರ್ಷ ಕಾಯುವ ಸೌಕರ್ಯವಿರಲಿಲ್ಲ.

ಒಂದು ಬೆಳಗ್ಗೆ ಹತ್ತರ ಹೊತ್ತಿಗೆ, ಜಿನುಗು ಮಳೆಯಲ್ಲಿ, ನೋವು ಶುರುವಾಯಿತು. ಪ್ಯಾರೇಜಾನ್ ತಿರುವಿನಿಂದಲೇ ಕೂಗಿದ: "ಇಲ್ಲೀತನ್ಕ ಎತ್ಕೊಂಡ್ ಬನ್ನಿ, ಆಮೇಲ್ ನಂದು!" ಮುನಿವೆಂಕಟಪ್ಪನವರ ಹೆಂಡತಿ ಚಿನ್ನಮ್ಮನವರು ರಾತ್ರಿ ಪಾಳಿ ಮುಗಿಸಿ ಬಂದಿದ್ದ ನಾಲ್ಕು ಜನ ಗಂಡಸರಿಗೆ ಹಗ್ಗದ ಮಂಚ ಹೊರಿಸಿಕೊಂಡು ಬಂದರು, ಮೇಲೊಂದು ಕಂಬಳಿ.

"ಮಲಿಕ್ಕಳವ್ವ."

"ಬೇಡ ಅಕ್ಕ, ನಡೀತೀನಿ. ಇವರು ಅಗೆಸಿದ ಗುಂಡೀಲಿ ಹೊತ್ತೋರು ಬಿದ್ರೆ ನಾನೂ ಬೀಳ್ತೀನಿ."

"ಹೆದರಬೇಡ, ನಕ್ಷೆ ನನ್ನ ಬಳಿಯಿದೆ" ಎಂದು ನಾನು ಮುಂದಾದೆ. ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ನಕ್ಷೆ. "ಬಲಕ್ಕೆ ಬಾ, ಎಡಗಡೆ ನಾಲ್ಕನೆಯದಿದೆ. ಈಗ ಎಡಕ್ಕೆ, ಐದು. ಆರನೆಯದನ್ನು ದಾಟಿದೆವು. ಏಳನೆಯದು ಇನ್ನೂ ನಾಲ್ಕು ಹೆಜ್ಜೆ..."

ಏಳನೆಯದು ನಾಲ್ಕು ಹೆಜ್ಜೆ ಮುಂದಿರಲಿಲ್ಲ.

ನನ್ನನ್ನು ಮೇಲೆತ್ತಿದಾಗ ಕಣಕಾಲು ಮುರಿದಿತ್ತು. ಮಂಚ ಹೇಗೂ ಸಿದ್ಧವಾಗಿತ್ತು. ಮಳೆಯೆಂದು ತಲೆಯವರೆಗೆ ಕಂಬಳಿ ಹೊದಿಸಿದರು. ಜಾನಕಿ, ನಡುನಡುವೆ ನಿಂತು ಉಸಿರು ಹಿಡಿಯುತ್ತ, ನನ್ನ ಮೇಲೆ ಛತ್ರಿ ಹಿಡಿದು ನಡೆದಳು. ಜಟಕಾದಲ್ಲಿ ಮಂಚಕ್ಕೆ ಜಾಗವಿಲ್ಲದ್ದರಿಂದ ಅವಳೂ ಚಿನ್ನಮ್ಮನವರೂ ಅದರಲ್ಲಿ ಕುಳಿತರು. ನಾನು ನಾಲ್ವರ ಹೆಗಲ ಮೇಲೆ ಹಿಂದಿನಿಂದ ಹೋದೆ.

"ಮೆಲ್ಲುಕ್ ಓಗ್ರಲಾ, ಇಷ್ಟ್ ತೂಕ ನಾನ್ ಗಣೀಲೂ ಒತ್ತಿಲ್ಲ" ಎಂದು ಕೆಳಗಿನಿಂದ ಯಾರೋ ಅಂದರು.

ಆಸ್ಪತ್ರೆಯ ಬಾಗಿಲಲ್ಲಿ ಆಯಾ ಮಂಚವನ್ನು ಕಂಡದ್ದೇ ತಡ, "ಒಳಗ್ ತನ್ನಿ, ಒಳಗ್ ತನ್ನಿ! ನೋವು ಜಾಸ್ತಿ ಐತಾ ತಾಯಿ?" ಎಂದು ಕೂಗಿದಳು. ನಾನು ಮುಲುಗಿದೆ. ನೋವು ನಿಜವಾಗಿಯೂ ಜಾಸ್ತಿಯಿತ್ತು. ಮಂಚ ನೇರವಾಗಿ ಹೆರಿಗೆ ಕೋಣೆಗೆ ಹೋಯಿತು. ಆಯಾ ಕಂಬಳಿ ಸರಿಸಿದಳು. ಮೀಸೆ ಕಂಡಳು. ಅವಳು ಕಿರುಚಿದ್ದು ಸ್ಟೇಷನ್ನಿನವರೆಗೂ ಕೇಳಿಸಿತಂತೆ.

ಅಷ್ಟರಲ್ಲಿ ಜಾನಕಿ ಜಟಕಾದಿಂದ ಇಳಿದು ಬಾಗಿಲಿಗೆ ಬಂದಿದ್ದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು ಆಯಾಳಿಗೆ ಹೇಳಿದಳು: "ಅವರದ್ದು ಆಮೇಲೆ ನೋಡು ತಾಯಿ. ಮೊದಲು ನನ್ನದು ಮುಗಿಸು, ನಂಗೆ ಹೊತ್ತಿಲ್ಲ."