ಬೇಡವೆಂದಷ್ಟೂ ಬಿಗಿಯುವ ಜಾಕೆಟ್ಟು

ನಮ್ಮ ಯಜಮಾನರು ಹೊಸ ಯಂತ್ರ ಮಾಡಿದ್ದಾರೆಂದು ನನಗೆ ಗೊತ್ತಾಗುವುದು ಅಡುಗೆಮನೆಯಿಂದ ಏನಾದರೂ ಕಾಣೆಯಾದಾಗ. ಈ ಸಲ ಕಾಣೆಯಾದದ್ದು ಪಾತ್ರೆ ತೊಳೆಯುವ ರಬ್ಬರ್ ಗ್ಲೌಸು, ಎರಡು ಜೊತೆ! ತಾರಸಿಗೆ ಹೋಗಿ ನೋಡಿದರೆ ಅವು ಒಂದು ದಪ್ಪ ಜಾಕೆಟ್ಟಿನ ಎರಡು ಪಕ್ಕದಲ್ಲೂ ಕೈಗಳಾಗಿ ನೇತಾಡುತ್ತಿದ್ದವು. ಎದೆಯ ಮೇಲೆ ಒಂದು ಕ್ಯಾಮೆರಾ, ಅದರ ಕೆಳಗೆ ಒಂದು ಸ್ಪೀಕರು. ಪಕ್ಕದಲ್ಲಿ ಯಜಮಾನರು ಪ್ರಶಸ್ತಿ ಬಂದವರಂತೆ ನಿಂತಿದ್ದರು.

ನೀರಿನ ಟ್ಯಾಂಕಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಕೋಷ್ಟಕ ಬೇರೆ ಬರೆದಿದ್ದರು. ಮೂವತ್ತು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡಿದವರಿಗೆ ಗೋಡೆ ಕಂಡರೆ ಕೈ ಸುಮ್ಮನಿರುವುದಿಲ್ಲ. ವಿಮಾನದಿಂದ ಜಿಗಿಯುವುದನ್ನು ಕಲಿಸಲು ಮೂರು ಪದ್ಧತಿಗಳಂತೆ. ಮೊದಲನೆಯದರಲ್ಲಿ ಶಿಷ್ಯನನ್ನು ಗುರುವಿನ ಎದೆಗೆ ಕಟ್ಟಿ ಇಬ್ಬರೂ ಒಟ್ಟಿಗೆ ಹಾರುವುದು. ಎರಡನೆಯದರಲ್ಲಿ ಶಿಷ್ಯ ಕಡಿಮೆ ಎತ್ತರದಿಂದ ಒಬ್ಬನೇ ಹಾರುತ್ತಾನೆ. ವಿಮಾನಕ್ಕೆ ಕಟ್ಟಿದ ಹಗ್ಗವೇ ಅವನ ಪ್ಯಾರಾಚೂಟನ್ನು ಎಳೆದು ಬಿಚ್ಚುತ್ತದೆ. ಮೂರನೆಯದರಲ್ಲಿ ತುಂಬ ಮೇಲಿನಿಂದ ಹಾರುವಾಗ ಇಬ್ಬರು ಗುರುಗಳು ಎರಡು ಪಕ್ಕದಲ್ಲಿ ಹಿಡಿದುಕೊಂಡಿದ್ದು, ಹಂತಹಂತವಾಗಿ ಒಬ್ಬರು, ಆಮೇಲೆ ಇನ್ನೊಬ್ಬರು ಕೈ ಬಿಡುತ್ತಾರೆ. ಯಜಮಾನರು ಮೂರಕ್ಕೂ ನೂರಕ್ಕಿಷ್ಟೆಂದು ಅಂಕ ಕೊಟ್ಟಿದ್ದರು. ಹಗ್ಗಕ್ಕೆ ಹೆಚ್ಚು. ನಾನು ಗುರುವಿನ ಎದೆಗೆ ಕಟ್ಟುವುದೇ ಕ್ಷೇಮ ಎಂದೆ. ವಿಮಾನವನ್ನೇ ಹತ್ತದವಳ ಅಭಿಪ್ರಾಯ ಬೇಡ ಎಂದರು. ಹತ್ತಿಸಿದ್ದರೆ ತಾನೇ!

ಇಷ್ಟೆಲ್ಲ ನನ್ನ ನಾದಿನಿ ಮಂದಾಕಿನಿಗಾಗಿ. ಅವಳಿಗೆ ನಲವತ್ತೊಂಬತ್ತು. ಗಂಡ ತೀರಿಕೊಂಡು ಎರಡು ವರ್ಷವಾಯಿತು. ಅಂದಿನಿಂದ ಬ್ಯಾಂಕಿಗೆ ನಾನು ಜೊತೆ, ಮಾರುಕಟ್ಟೆಗೆ ಅವಳಣ್ಣ ಜೊತೆ. ಪಕ್ಕದ ಬೀದಿಯ ದರ್ಜಿಯ ಅಂಗಡಿಗೂ ಅವಳನ್ನು ಒಂಟಿಯಾಗಿ ಬಿಟ್ಟವರಲ್ಲ ನಾವು. ಅಂಥವಳು ಒಂದು ದಿನ ಬೆಟ್ಟದ ತಪ್ಪಲಿನ ಮೈದಾನದ ಸ್ಕೈಡೈವಿಂಗ್ ಶಿಬಿರಕ್ಕೆ ಹೆಸರು ಕೊಟ್ಟು ಬಂದಳು. ಆರಿಸಿಕೊಂಡದ್ದು ಮೂರನೆಯ ಪದ್ಧತಿ. ಏಳು ಹಂತ ಮುಗಿಸಿದ್ದಳು. ಎಂಟನೆಯದು ಒಬ್ಬಳೇ ಹಾರುವುದು. ಆದರೆ ಏಳನೆಯ ಸಲ ವಿಮಾನದ ಬಾಗಿಲಲ್ಲಿ ತನ್ನ ಬೋಧಕ ಕ್ಯಾಪ್ಟನ್ ಮಾಚಯ್ಯನವರ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು ಬಿಡಲೇ ಇಲ್ಲವಂತೆ. ನೆಲದ ಮೇಲೆ ಕೈ ಬಿಡಿಸಿಕೊಂಡು ಜಿಗಿಯುವ ಅಭ್ಯಾಸ ಮಾಡಿ ತೋರಿಸದೆ ಒಂಟಿಯಾಗಿ ಹಾರಿಸಲಾರೆ ಎಂದುಬಿಟ್ಟರು ಅವರು. ಭಾನುವಾರ ಶಿಬಿರದ ಕೊನೆಯ ದಿನ.

"ಒಂದ್ ಸಲ ಆದ್ರೂ ಒಬ್ಳೇ ಇಳೀಬೇಕು ಅತ್ತಿಗೆ" ಎಂದಿದ್ದಳು ಮಂದಾ, ನನ್ನ ಮುಖ ನೋಡದೆ. ನನಗೆ ಸಂಕಟವಾಗಿತ್ತು. ಜೊತೆಗಿರುತ್ತೇನೆ ಎನ್ನುವುದೇ ನನಗೆ ಗೊತ್ತಿದ್ದ ಸಮಾಧಾನ; ಅವಳಿಗೆ ಬೇಕಾಗಿದ್ದದ್ದು ಅದಲ್ಲ.

ಸರಿ, ಪ್ರದರ್ಶನ ಶುರುವಾಯಿತು. ಗುರುಗಳ ಹಾಗೆ ಹಿಡಿದುಕೊಂಡಿದ್ದು, ಬಿಡು ಎಂದ ಕೂಡಲೇ ಬಿಡುವುದು ಜಾಕೆಟ್ಟಿನ ಕೆಲಸವಂತೆ. ಮಂದಾ ಜಾಕೆಟ್ಟು ತೊಟ್ಟು ಟ್ಯಾಂಕಿನ ಕಟ್ಟೆಯ ಮೇಲೆ ನಿಂತಳು. ಕೆಳಗೆ ನಮ್ಮ ಮನೆಯ ಅಷ್ಟೂ ಹಾಸಿಗೆ. ರಬ್ಬರ್ ಕೈಗಳು ಅವಳ ಮೊಣಕೈಗಳನ್ನು ಹಿಡಿದವು. "ಬಿಡು" ಎಂದಳು.

"ಏನ್ ಅವಸರ? ಇನ್ನೊಂದ್ ಸ್ವಲ್ಪ ಹೊತ್ತು ಇದ್ದು ಹೋಗಿ" ಎಂದಿತು ಜಾಕೆಟ್ಟು, ಯಾರೋ ಮುದುಕಿಯ ದನಿಯಲ್ಲಿ.

ಬೇಡ, ಬಿಡು ಎಂದಳು ಮಂದಾ. ಹಿಡಿತ ಬಿಗಿಯಾಯಿತು. ಸಾಕು ಎಂದಳು. ಸಂಕೋಚ ಮಾಡಿಕೊಳ್ಳಬಾರದು ಎಂದು ಹೇಳಿ ಅದು ಇನ್ನೂ ಬಿಗಿಯಾಯಿತು! ಬ್ಯಾಟರಿ ಖಾಲಿಯಾಗುವವರೆಗೆ ಅವಳನ್ನು ಕಟ್ಟೆಯ ಮೇಲೆಯೇ ನಿಲ್ಲಿಸಿ ಕಾಫಿ ಕುಡಿಸಿದೆ.

ಗದರಿಸಿ ಕೇಳಿದ ಮೇಲೆ ನಿಜ ಹೊರಬಿತ್ತು. ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಎಂದು ಕಲಿಯಲು ಯಂತ್ರಕ್ಕೆ ನೂರಾರು ಉದಾಹರಣೆ ಬೇಕಿತ್ತಂತೆ. ಇವರು ಸುಲಭದ ದಾರಿ ಹಿಡಿದು ನಮ್ಮ ನೆಂಟರಿಷ್ಟರ ಮದುವೆಯ ವೀಡಿಯೋಗಳನ್ನೆಲ್ಲ ಅದಕ್ಕೆ ತೋರಿಸಿದ್ದರು. ನಮ್ಮ ಮದುವೆಗಳಲ್ಲಿ ಬೇಡ ಎಂದವರ ಎಲೆಗೆ ಹೋಳಿಗೆ ಬೀಳದೆ ಇದ್ದದ್ದು ಯಾವಾಗ? ಹೊರಡುತ್ತೇವೆ ಎಂದವರ ಕೈ ಬಿಟ್ಟದ್ದು ಯಾವಾಗ? ಯಂತ್ರ ತಪ್ಪು ಕಲಿತಿರಲಿಲ್ಲ, ಪಾಪ. ಕಂಡದ್ದನ್ನೇ ಕಲಿತಿತ್ತು.

ಸರಿಪಡಿಸಿದ್ದೇನೆ ಎಂದು ಹೇಳಿ ಭಾನುವಾರ ಬೆಳಿಗ್ಗೆ ಅದನ್ನು ಮೈದಾನಕ್ಕೇ ಹೊತ್ತು ತಂದರು. ಅಲ್ಲಿ ಅಭ್ಯಾಸಕ್ಕೆಂದು ವಿಮಾನದ ಬಾಗಿಲಿನಂಥ ಮರದ ಚೌಕಟ್ಟು ಇದೆ. ಮಂದಾ ಜಾಕೆಟ್ಟು ತೊಟ್ಟು ಅದರಲ್ಲಿ ನಿಂತು ಬಿಡು ಎಂದಳು. ಎರಡು ಕೈಗಳು ಅವಳನ್ನು ಅಪ್ಪಿ ಹಿಡಿದವು. ಬಿಡಿಸಲು ಹೋದ ಕ್ಯಾಪ್ಟನ್ ಮಾಚಯ್ಯ ಬೇಡ ಬೇಡ ಎಂದದ್ದೇ ತಪ್ಪಾಯಿತು. ಮೂರನೆಯ ಕೈ ಅವರ ಎಡಗೈ ಹಿಡಿಯಿತು. ನಾಲ್ಕನೆಯದಕ್ಕೆ ನಮ್ಮ ಯಜಮಾನರ ಎರಡು ಕೈಗಳೂ ತಾವಾಗಿಯೇ ಸಿಕ್ಕಿದವು. ಊಟ ಮಾಡದೆ ಯಾರೂ ಹೋಗುವ ಹಾಗಿಲ್ಲ ಎಂದು ಜಾಕೆಟ್ಟು ಮೂವರಿಗೂ ಒಟ್ಟಿಗೆ ಹೇಳಿತು.

"ಬ್ಯಾಟರಿ ತೆಗೀರಿ ಸಾರ್" ಎಂದರು ಕ್ಯಾಪ್ಟನ್.

"ಒಳಗಡೆ ಹೊಲಿದುಬಿಟ್ಟಿದೀನಿ. ಸಂಜೆವರೆಗೂ ಬರುತ್ತೆ" ಎಂದರು ಇವರು. ಆ ಹೊತ್ತಿನಲ್ಲೂ ದನಿಯಲ್ಲಿ ಕೊಂಚ ಹೆಮ್ಮೆಯಿತ್ತು!

ಅತ್ತ ಕೊನೆಯ ವಿಮಾನ ಹೊರಡಲು ಹತ್ತು ನಿಮಿಷ. ಇನ್ನೊಬ್ಬ ಬೋಧಕರು ಆಗಲೇ ಹತ್ತಿ ಕೂತಿದ್ದರು. ಮಂದಾ ಕೊಸರಾಡುವುದನ್ನೂ ನಿಲ್ಲಿಸಿ, ಎಂದಿನ ಹಾಗೆ ತಲೆ ತಗ್ಗಿಸಿ ನಿಂತುಬಿಟ್ಟಳು. ಎರಡು ವರ್ಷದಿಂದ ಅವಳು ನಮ್ಮ ಮನೆಯಲ್ಲೂ ಹೀಗೆಯೇ ನಿಲ್ಲುತ್ತಿದ್ದಳು ಎಂದು ನನಗೆ ಆಗ ಹೊಳೆಯಿತು. ನಾವೂ ಪ್ರೀತಿಯಿಂದಲೇ ಹಿಡಿದಿದ್ದೆವು.

ಮದುವೆಮನೆಯಿಂದ ಹೆಂಗಸರನ್ನು ಕೊನೆಗೆ ಹೇಗೆ ಕಳಿಸುತ್ತಾರೆ ಎಂದು ಯೋಚಿಸಿದೆ. ನನ್ನ ಕೈಚೀಲದಲ್ಲಿ ಕುಂಕುಮದ ಭರಣಿ ಇತ್ತು. ತೆಗೆದೆ, ಕೈ ತಡೆಯಿತು. ಗಂಡ ಹೋದ ಮೇಲೆ ಯಾರೂ ಅವಳಿಗೆ ಕುಂಕುಮ ಕೊಟ್ಟಿರಲಿಲ್ಲ. ಎಲ್ಲರ ಮನೆಯಲ್ಲೂ ಅವಳ ಸರದಿ ಬಂದಾಗ ಭರಣಿ ಮುಂದಕ್ಕೆ ಹೋಗುತ್ತಿತ್ತು. ನನ್ನ ಮನೆಯಲ್ಲೂ. ನನಗೆ ನಾಚಿಕೆಯಾಯಿತು.

"ಅತ್ತಿಗೆ, ನಂಗಾ?" ಎಂದಳು.

"ನಿಂಗೇ ಕಣೇ. ಹೋಗ್ ಬಾ" ಎಂದು ಅವಳ ಹಣೆಗೆ ನಾನೇ ಇಟ್ಟೆ.

ಕ್ಯಾಮೆರಾ ಕಿರುಗುಟ್ಟಿತು. ಎರಡು ರಬ್ಬರ್ ಕೈಗಳೂ ಮೆಲ್ಲಗೆ ಸಡಿಲವಾದವು. ಮಂದಾ ಜಾಕೆಟ್ಟಿನಿಂದ ನುಣುಚಿಕೊಂಡಳು, ಚೌಕಟ್ಟಿನಿಂದ ಧುಮುಕಿದಳು, ಪ್ಯಾರಾಚೂಟು ಬೆನ್ನಿಗೇರಿಸಿ ವಿಮಾನದ ಕಡೆಗೆ ನಡೆದಳು. ಒಂದು ಸಲವೂ ತಿರುಗಿ ನೋಡಲಿಲ್ಲ. ಕ್ಯಾಪ್ಟನ್ ಅದನ್ನೇ ಗಮನಿಸುತ್ತಿದ್ದರು.

"ಕಳಿಸಿ ಅವರನ್ನ" ಎಂದು ಕೂಗಿದರು. "ನಾನು ಇಲ್ಲಿಂದಲೇ ನೋಡ್ತೀನಿ."

ವಿಮಾನ ಚುಕ್ಕೆಯಾಯಿತು. ಅದರಿಂದ ಇನ್ನೊಂದು ಚುಕ್ಕೆ ಉದುರಿತು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಹಳದಿ ಪ್ಯಾರಾಚೂಟು ಅರಳಿತ್ತು, ಅದರ ಕೆಳಗೆ ಅವಳೊಬ್ಬಳೇ ಇದ್ದಳು. ನಾನು ಅತ್ತುಬಿಟ್ಟೆ, ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ಇವರೂ ಅತ್ತರು; ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲವಾದ್ದರಿಂದ ಎಲ್ಲರಿಗೂ ಕಂಡಿತು.

ಕ್ಯಾಪ್ಟನ್ ಬಲಗೈಯಿಂದ ಅವಳ ಜಿಗಿತಗಳ ದಾಖಲೆ ಪುಸ್ತಕಕ್ಕೆ ಸಹಿ ಹಾಕಿದರು. ಆದರೆ ಗಂಡಸರಿಗೆ ಕುಂಕುಮ ನಡೆಯಲಿಲ್ಲ. ಇಟ್ಟು ನೋಡಿದೆವು. ಮದುವೆಮನೆಯಲ್ಲಿ ಅವರನ್ನು ಕಳಿಸುವುದು ತೆಂಗಿನಕಾಯಿ ಕೊಟ್ಟು ತಾನೇ? ಅಂಗಡಿ ಎರಡು ಮೈಲಿ ದೂರ. ಮಂದಾ ಒಬ್ಬಳೇ ಹೋಗಿ, ಚೌಕಾಸಿ ಮಾಡಿ, ನಿಧಾನವಾಗಿ ತಂದಳು. ಅವಳು ಬರುವವರೆಗೂ ಜಾಕೆಟ್ಟು ಇಬ್ಬರಿಗೂ ಉಪಚಾರ ಹೇಳುತ್ತಲೇ ಇತ್ತು. ಬೇಡ ಎನ್ನುವುದನ್ನು ಅಷ್ಟು ಹೊತ್ತಿಗೆ ಇಬ್ಬರೂ ಬಿಟ್ಟಿದ್ದರು.