ನಾಲಿಗೆ ಹೆರೆಯದ ಶನಿವಾರ

ಹಲ್ಲುಜ್ಜಿದ ಮೇಲೆ ಗುರುಪ್ರಸಾದರ ಕೈ ನಾಲಿಗೆ ಹೆರೆಯುವ ತಾಮ್ರದ ಪಟ್ಟಿಗಾಗಿ ಗೂಡಿನ ತುಂಬ ತಡಕಾಡಿತು. ಪಟ್ಟಿ ಇರಲಿಲ್ಲ. ಹೆಂಡತಿ ನಿರುಪಮಾ ಅದನ್ನು ಹಿಂದಿನ ರಾತ್ರಿಯೇ ಬಚ್ಚಿಟ್ಟಿದ್ದಳು.

"ರೀ, ಸ್ಯಾನ್ ಮಟಿಯೋ ಡಾಕ್ಟರ್ ಫಂಗ್ ಏನಂದಿದಾರೆ, ಮರೆತ್ರಾ? ಅವರು ನಾಲಿಗೆ ನೋಡೇ ಸೂಜಿ ಹಾಕೋದು. ಹೆರೀಬಾರ್ದು, ಕಾಫಿ ಕುಡೀಬಾರ್ದು, ಬಣ್ಣ ಹತ್ತೋದೇನೂ ತಿನ್ಬಾರ್ದು. ಇವತ್ತು ಕೆಡಿಸ್ಕೊಂಡ್ರೆ ಇನ್ನೆರಡು ತಿಂಗಳು ಅಪಾಯಿಂಟ್‌ಮೆಂಟಿಲ್ಲ."

ಇನ್ನೆರಡು ತಿಂಗಳು ಎಂದೊಡನೆ ಅವರು ತಡಕಾಡುವುದನ್ನು ನಿಲ್ಲಿಸಿದರು. ಅವರ ಅರೆತಲೆನೋವು ಅಂತಿಂಥದಲ್ಲ. ಎಡಗಣ್ಣಿನ ಹಿಂದೆ ಕಲ್ಲುಕುಟಿಗನ ಹಾಗೆ ಕೂತು ಉಳಿ ಬಡಿಯುತ್ತಿತ್ತು. ಮಾತ್ರೆಗಳೆಲ್ಲ ಸೋತ ಮೇಲೆ ಈ ಚೀನೀ ಅಕ್ಯುಪಂಕ್ಚರ್ ವೈದ್ಯೆಯೇ ಗತಿ ಎಂದು ನಂಬಿಕೊಂಡಿದ್ದರು.

ಹೆರೆಯದ ನಾಲಿಗೆಯಲ್ಲಿ ದೇವರ ಹೆಸರೆತ್ತುವುದು ಹೇಗೆ? ದೀಪ ಹಚ್ಚಿ, ತುಟಿ ಬಿಚ್ಚದೆ, ಸ್ತೋತ್ರವನ್ನು ಮನಸ್ಸಿನಲ್ಲೇ ಹೇಳಿಕೊಂಡರು. ನಾಲಿಗೆ ನೋಡುವವಳು ವೈದ್ಯೆ, ದೇವರು ಒಳಗಿನದನ್ನು ನೋಡುವವನು. ಆತ ಕ್ಷಮಿಸಿರಬೇಕು.

ಕುಡಿಯದೆ ಬಿಟ್ಟ ಕಾಫಿ ಕ್ಷಮಿಸಲಿಲ್ಲ. ಬಿಸಿಲೇರುವ ಹೊತ್ತಿಗೆ ಕಲ್ಲುಕುಟಿಗ ತನ್ನ ಬಂಧುಬಳಗವನ್ನೆಲ್ಲ ಕರೆಸಿಕೊಂಡಿದ್ದ.

ಆಗ ಪಕ್ಕದ ಮನೆಯ ಉಡುಪಿಯ ಸರೋಜಿನಿ ಲೋಟ ಹಿಡಿದು ಬಂದಳು. "ಅರಿಸಿನದ ಕಷಾಯ ಮಾರಾಯ್ರೆ. ಒಂದು ಗುಟುಕು ಕುಡೀರಿ, ನೋವು ಓಡ್ತದೆ."

ಗುರುಪ್ರಸಾದರು ಅಂಗೈಯಿಂದ ಬಾಯಿ ಮುಚ್ಚಿಕೊಂಡರು.

"ನಾಲಿಗೆ ಹಳದಿ ಆಗತ್ತೆ ಸರೋಜಿನಿ," ಎಂದು ನಿರುಪಮಾ ಸಮಾಧಾನ ಹೇಳಿದಳು.

"ಆದ್ರೇನು? ನಾಲಿಗೆಗೆ ಇವತ್ತು ವಧುಪರೀಕ್ಷೆ ಉಂಟಾ?"

ನಿರುಪಮಾಗೆ ಫ್ರೀವೇ ಎಂದರೆ ಭಯ. ಹಾಗಾಗಿ ಕಾರು ಓಡಿಸಲು ಸರೋಜಿನಿಯ ಗಂಡ ದೇವದಾಸ್ ಮುಂದಾದ; ಅವಳು ಹಿಂದಿನ ಸೀಟಿನಲ್ಲಿ ಕೂತಳು. ಕ್ಯುಪರ್ಟಿನೋ ದಾಟುವುದರೊಳಗೆ ಅವನ ಕೈಯಲ್ಲೊಂದು ಕೆಂಪು ಬಾಟಲಿ ಕಾಣಿಸಿತು.

"ಪುನರ್ಪುಳಿ ಶರಬತ್ತು. ಪಿತ್ತಕ್ಕೆ ಒಳ್ಳೇದು, ಕುಡೀರಿ."

ಗುರುಪ್ರಸಾದರು ಬೇಡವೆಂದು ತಳ್ಳಿದರು. ದೇವದಾಸ್ ಬೇಕೆಂದು ತಳ್ಳಿದ. ಮುಂದಿನ ಕಾರು ಬ್ರೇಕು ಹಾಕಿತು. ಶರಬತ್ತೆಲ್ಲ ಬಿಳಿ ಶರ್ಟಿಗೆ ಅಭಿಷೇಕವಾಯಿತು. ನಾಲಿಗೆ ಮಾತ್ರ ಭದ್ರವಾಗಿತ್ತು.

ಕ್ಲಿನಿಕ್ಕಿನ ಹುಡುಗಿ ಅವರ ಎದೆ ನೋಡಿ ಆಂಬುಲೆನ್ಸಿಗೆ ಫೋನು ಎತ್ತಿಕೊಂಡಳು. ರಕ್ತವಲ್ಲ ಹಣ್ಣಿನ ರಸ ಎಂದು ನಂಬಿಸುವಷ್ಟರಲ್ಲಿ ಮೂವರಿಗೂ ಸಾಕಾಯಿತು.

ಡಾಕ್ಟರ್ ಫಂಗ್ ನಾಡಿ ಹಿಡಿದರು. "ನಾಲಿಗೆ," ಎಂದರು. ಗುರುಪ್ರಸಾದರು ಬೆಳಗಿನಿಂದ ಕಾಪಾಡಿದ ನಿಧಿಯನ್ನು ಹೊರಚಾಚಿದರು. ಆಕೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಒಳಕೋಣೆಯಿಂದ ವಿದ್ಯಾರ್ಥಿಗಳು ಬಂದು ಸುತ್ತುಗಟ್ಟಿದರು. ಒಬ್ಬಳು ಬಟ್ಟೆಯ ತುಂಡಿನಿಂದ ನಾಲಿಗೆಯ ತುದಿ ಹಿಡಿದುಕೊಂಡಳು; ಉಳಿದವರು ಫೋಟೋ ತೆಗೆದರು.

"ಇಂಥ ನಾಲಿಗೆಯನ್ನು ಪುಸ್ತಕದಲ್ಲಷ್ಟೇ ನೋಡಿದ್ದೆ," ಎಂದರು ಡಾಕ್ಟರು. "ಎಷ್ಟು ಹೇಳಿದರೂ ಎಲ್ಲರೂ ಹೆರೆದು, ಕಾಫಿ ಕುಡಿದೇ ಬರುತ್ತಾರೆ. ಈ ತಲೆನೋವಿನ ಲಕ್ಷಣವೆಲ್ಲ ಇಲ್ಲಿ ಬರೆದಿಟ್ಟಂತಿದೆ."

"ವಾಸಿ ಆಗತ್ತಾ ಡಾಕ್ಟರ್?" ನಿರುಪಮಾ ಕೇಳಿದಳು.

"ಆಗುತ್ತದೆ. ಇವತ್ತೇ ಸೂಜಿ ಹಾಕಬಹುದು. ಆದರೆ ನೋವಿನ ಜೊತೆ ಈ ಲಕ್ಷಣಗಳೂ ಅಳಿಸಿಹೋಗುತ್ತವೆ. ಮುಂದಿನ ತಿಂಗಳು ನನ್ನ ವಿದ್ಯಾರ್ಥಿಗಳಿಗೆ ಪರೀಕ್ಷೆ. ಅಲ್ಲಿಯವರೆಗೆ ಇವರು ದಯವಿಟ್ಟು ವಾಸಿಯಾಗದೆ ಇರಬಹುದೇ? ಪ್ರತಿ ಶನಿವಾರ ಹೀಗೇ, ಕಾಫಿ ಇಲ್ಲದೆ ಬರಲಿ."

ಗುರುಪ್ರಸಾದರು ತಲೆ ಹಿಂದಕ್ಕೆಳೆದುಕೊಳ್ಳಲು ನೋಡಿದರು. ಸಾಧ್ಯವಿಲ್ಲ ಎನ್ನಬೇಕೆಂದರೆ ನಾಲಿಗೆ ಅವರ ವಶದಲ್ಲಿರಲಿಲ್ಲ. "ಆಂ... ಆಂ..." ಎಂದರು.

"ಹೂಂ ಅಂತಿದಾರೆ ನೋಡಿ," ಎಂದ ದೇವದಾಸ್. "ವಿದ್ಯಾದಾನ ಅಂದ್ರೆ ಯಾರು ಬೇಡ ಅಂತಾರೆ ಮಾರಾಯ್ರೆ."

ನಿರುಪಮಾ ಆಗಲೇ ಫೋನಿನ ಕ್ಯಾಲೆಂಡರಿನಲ್ಲಿ ಶನಿವಾರಗಳನ್ನು ಗುರುತು ಹಾಕುತ್ತಿದ್ದಳು. ಬಟ್ಟೆ ಹಿಡಿದ ಹುಡುಗಿ ಮೆಲ್ಲಗೆ, ಇನ್ನೂ ಸ್ವಲ್ಪ ಮುಂದೆ ಚಾಚಿ ಎಂದಳು.